ನನ್ನ ಪಾಲಿನ ಕುರಿಯನ್ನು ನನಗೆ ಕೊಡಿ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

ತಾವು ನನಗೆ ಮೂರು ತಿಂಗಳು ಕುರಿ ತಿನ್ನಿಸಿದಿರಿ. ನನ್ನನ್ನು ಕೇಳಲಿಲ್ಲ. ಆಮೇಲೆ ಅದನ್ನು ನಿಲ್ಲಿಸಿದಿರಿ. ಆಗಲೂ ನನ್ನನ್ನು ಕೇಳಲಿಲ್ಲ. ಮೊದಲನೆಯ ತಪ್ಪನ್ನು ನಾನು ಮನ್ನಿಸಿದ್ದೇನೆ, ಈ ಪತ್ರ ಎರಡನೆಯದರ ಬಗ್ಗೆ. ಬರೆಯುವಾಗ ನಡುನಡುವೆ ನಗು ತಡೆಯಲಾರದೆ ಮಸಿ ಚೆಲ್ಲಿದ್ದೇನೆ. ಪತ್ರಿಕೆಯವರು ಅಚ್ಚು ಹಾಕಿದಾಗ ಕಲೆ ಕಾಣುವುದಿಲ್ಲ ಎಂಬ ಧೈರ್ಯದಿಂದ ಹಾಗೆಯೇ ಕಳುಹಿಸುತ್ತಿದ್ದೇನೆ.

ನಾನು ಕೋಸಗಿಯ ಹತ್ತಿ ವ್ಯಾಪಾರಿಗಳ ಮನೆಯ ಸೊಸೆ. ವಯಸ್ಸು ಇಪ್ಪತ್ನಾಲ್ಕು. ಕೊರಳಲ್ಲಿ ಲಿಂಗವಿದೆ, ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತುವುದಿಲ್ಲ. ನನಗೆ ವರ್ಷಕ್ಕೆ ಎರಡು ಸಲ ಮುಟ್ಟಾದರೆ ಅದು ಸುಭಿಕ್ಷದ ವರ್ಷ. ಗದ್ದದ ಮೇಲೆ ಹದಿನೇಳು ಕೂದಲುಗಳಿವೆ, ಎಣಿಸಿದವಳು ನಾನೇ. ಪಟ್ಟಣದ ಹೆಣ್ಣುಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮನವರು ಪರೀಕ್ಷೆ ಮಾಡಿ, ಅಂಡಾಶಯಗಳೆರಡೂ ದಪ್ಪಗಾಗಿವೆ, ಅವುಗಳಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಿರಬೇಕು ಎಂದರು. ನಾಚಿಕೆಯಿಲ್ಲದೆ ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುತ್ತಾಳಲ್ಲ ಎಂದು ತಾವು ಹುಬ್ಬೇರಿಸಬಹುದು. ನನ್ನ ನಾಚಿಕೆಯನ್ನು ಊರು ಈಗಾಗಲೇ ಹಂಚಿಕೊಂಡಾಗಿದೆ, ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮವರಲ್ಲಿ ಮುಟ್ಟಾದ ಹೆಂಗಸು ಹೊರಗೆ ಕೂಡುವ ಪದ್ಧತಿಯಿಲ್ಲ. ಮೈಲಿಗೆಯೇ ಇಲ್ಲವೆಂದ ಮೇಲೆ ಲೆಕ್ಕ ಇಡುವವರು ಯಾರು? ಹೀಗಾಗಿ ಮದುವೆಯಾದ ನಾಲ್ಕನೆಯ ವರ್ಷ, ನನಗೆ ಏಳು ತಿಂಗಳು ಏನೂ ಆಗಿಲ್ಲವೆಂದು ಹೇಗೋ ತಿಳಿದ ನಮ್ಮ ಅತ್ತೆ ಕೊಟ್ರಮ್ಮನವರು ಸಂತೋಷದಿಂದ ನೇರವಾಗಿ ಬಸುರಿಗೆ ಮಾಡುವ ಕುಬುಸದ ಏರ್ಪಾಡಿಗೇ ಕೈ ಹಾಕಿದರು. ದಿನೇ ದಿನೇ ಮೈ ಬರುತ್ತಿದ್ದ ನನ್ನನ್ನು ನೋಡಿ ಯಾರಿಗೂ ಸಂಶಯ ಬರಲಿಲ್ಲ, ನನಗೂ ಬರಲಿಲ್ಲ. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಬುತ್ತಿ, ಮೂವತ್ತು ಜನ ಮುತ್ತೈದೆಯರ ಹಾಡು. ಮರುವಾರವೇ ಮುಟ್ಟಾಯಿತು. ಆ ಸೀರೆಯನ್ನು ಏನು ಮಾಡಬೇಕೆಂದು ತಿಳಿಯದೆ ಅತ್ತೆ ನನ್ನನ್ನೇ ಕೇಳಿದರು. ಉಟ್ಟುಕೊಂಡೆ, ಬಣ್ಣ ಚೆನ್ನಾಗಿತ್ತು.

ಆಮೇಲೆ ಮದ್ದುಗಳ ಮೆರವಣಿಗೆ ಶುರುವಾಯಿತು. ಎಳ್ಳು ಬೆಲ್ಲ ತಿಂದು ಬಾಯೆಲ್ಲ ಹುಣ್ಣು. ಓಂಕಾಳಿನ ಕಷಾಯ ಕುಡಿದು ಹೊಟ್ಟೆಯಲ್ಲಿ ಉರಿ. ಆದವಾನಿಯ ಪಂಡಿತರೊಬ್ಬರ ಲೋಹದ ಭಸ್ಮದಿಂದ ಹದಿನೈದು ದಿನ ಮಲಬದ್ಧತೆ, ಅದಕ್ಕೆ ಅವರೇ ಕೊಟ್ಟ ಇನ್ನೊಂದು ಪುಡಿಯಿಂದ ಮೂರು ದಿನ ಅದರ ವಿರುದ್ಧ. ಮುಟ್ಟು ಮಾತ್ರ ಇದಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ರೈಲು ಹತ್ತಿ ತಮ್ಮ ಅಧೀನದ ಆಸ್ಪತ್ರೆಗೆ ಬಂದೆ. ಡಾಕ್ಟರಮ್ಮನವರು ಕಾಗದದ ಪೊಟ್ಟಣದಲ್ಲಿ ಕಂದು ಬಣ್ಣದ ಸಣ್ಣ ಗುಳಿಗೆ ಕೊಟ್ಟು, ದಿನಕ್ಕೆ ಎರಡು ನುಂಗು ಎಂದರು.

ಆ ಗುಳಿಗೆಯ ಪ್ರತಾಪವನ್ನು ಏನೆಂದು ವರ್ಣಿಸಲಿ? ಮೂರು ವಾರದಲ್ಲಿ ನನ್ನ ಎದೆ ಡವಡವ ಬಡಿದುಕೊಳ್ಳತೊಡಗಿತು. ಚಹಾದ ಬಟ್ಟಲು ಹಿಡಿದರೆ ಅರ್ಧ ಚಹಾ ಸೀರೆಗೆ. ಕುಳಿತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಒಂದು ಸೋಮವಾರ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಿಕ್ಕಿ, ಅಟ್ಟದ ಮೇಲಿನ ಹಳೆಯ ಗಾದಿಗಳ ಹತ್ತಿಯನ್ನೆಲ್ಲ ಹಿಂಜಿ, ಕೆಲಸ ಸಾಲದೆ ಪಕ್ಕದ ಮನೆಯ ಅಂಗಳವನ್ನೂ ಸಾರಿಸಿ ಬಂದೆ. ಅತ್ತೆಗೆ ಅರ್ಧ ಆನಂದ, ಅರ್ಧ ಭಯ. ಮೈಮೇಲೆ ಏನೋ ಬಂದಿದೆಯೆಂದು ನನ್ನನ್ನು ಉರುಕುಂದಿಯ ಈರಣ್ಣನ ಗುಡಿಗೆ ಕರೆದೊಯ್ದು ವಿಭೂತಿ ಹಚ್ಚಿಸಿದರು. ಮರುತಿಂಗಳು ಡಾಕ್ಟರಮ್ಮನವರು ನನ್ನ ನಾಡಿ ಹಿಡಿದು ಗಾಬರಿಯಾಗಿ, ಎರಡು ಗುಳಿಗೆಯನ್ನು ಒಂದಕ್ಕೆ ಇಳಿಸಿ, ಹೀಗಾದರೆ ಮೊದಲೇ ಹೇಳಬೇಕಲ್ಲವೇ ಎಂದು ಗದರಿದರು. ಹೀಗಾಗುತ್ತದೆಂದು ಮೊದಲೇ ಹೇಳಬೇಕಾದವರು ಯಾರು, ಮಾನ್ಯರೇ, ನಾನೋ ಅವರೋ? ಒಂದಕ್ಕೆ ಇಳಿಸಿದ ಮೇಲೆ ನಡುಕ ನಿಂತಿತು. ಎರಡನೆಯ ತಿಂಗಳು ಮುಟ್ಟಾಯಿತು, ಮೂರನೆಯ ತಿಂಗಳೂ ಆಯಿತು. ಇಪ್ಪತ್ತೊಂಬತ್ತು ದಿನಕ್ಕೆ ಸರಿಯಾಗಿ ಆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಾನು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕುಣಿದೆ.

ಆಗ ಬಂದಳು ಗಂಗಕ್ಕ. ಈಕೆ ನಮ್ಮ ಮನೆಗೆ ಬೆಣ್ಣೆ ತಂದುಕೊಡುವಾಕೆ, ಮನೆತನದ ಕಸುಬು ಕುರಿ ಸಾಕುವುದು. ನಾನು ಪೊಟ್ಟಣ ಬಿಚ್ಚಿ ಗುಳಿಗೆ ತೆಗೆಯುತ್ತಿದ್ದಾಗ ಈಕೆ ಮೂಗು ಅರಳಿಸಿ ಹತ್ತಿರ ಬಂದು ಮೂಸಿ ನೋಡಿದಳು.

“ಯಮ್ಮಾ, ಇದು ಕುರಿ ಐತಿ. ಹುಟ್ಟಿದಾಗಿಂದ ಕುರಿ ಕೂಡ ಅದೀನಿ, ನನಗ ಗೊತ್ತಾಗಂಗಿಲ್ಲೇನು?”

ನಾನು ನಂಬಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕಂಪೌಂಡರನನ್ನು ಕಾಡಿ ದೊಡ್ಡ ಸೀಸೆಯನ್ನು ತರಿಸಿ ನೋಡಿದೆ. ನಮ್ಮ ತಂದೆ ಕಲಿಸಿದ ಇಂಗ್ಲಿಷು ಅಂದು ಉಪಯೋಗಕ್ಕೆ ಬಂತು: ಕುರಿಯ ಕುತ್ತಿಗೆಯೊಳಗಿನ ಒಂದು ಗ್ರಂಥಿಯನ್ನು ಒಣಗಿಸಿ, ಪುಡಿ ಮಾಡಿ, ಗುಳಿಗೆ ಕಟ್ಟಿದ್ದು! ಏಳು ತಲೆಮಾರಿನಿಂದ ಯಾರೂ ಮುಟ್ಟದ್ದನ್ನು ನಾನು ದಿನವೂ ಪೂಜೆಯಾದ ಮೇಲೆ ಶುದ್ಧವಾಗಿ ಸೇವಿಸುತ್ತಿದ್ದೆ. ಆಸ್ಪತ್ರೆಯ ಜಗಲಿಯ ಮೇಲೆ ಕುಳಿತು ಎಷ್ಟು ನಕ್ಕೆನೆಂದರೆ, ಮಗ್ಗುಲಲ್ಲಿದ್ದ ಬಸುರಿ ಹೆಂಗಸು ಎದ್ದು ಆಚೆ ಹೋಗಿ ಕುಳಿತಳು. ನಗು ನಿಂತ ಮೇಲೆ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ತಿಂದದ್ದಕ್ಕಲ್ಲ. ಗುಣ ಕೊಟ್ಟ ಒಂದೇ ಒಂದು ಮದ್ದನ್ನು ಇನ್ನು ಬಿಡಬೇಕಾಗುತ್ತದಲ್ಲಾ ಎಂದು.

ಮನೆಗೆ ಬಂದು ಅತ್ತೆಯವರ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಅವರು ಪೊಟ್ಟಣ ತೆಗೆದುಕೊಂಡು ದೇವರ ಗೂಡಿನ ಮುಂದೆ ಇಟ್ಟರು. ಆಮೇಲೆ ಹೇಳಿದ ಮಾತನ್ನು ತಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಬೇಕು.

“ಮೊದಲಾ ಹೇಳಿದ್ರ ಹೊಸ್ತಿಲ ದಾಟಾಕ ಬಿಡತಿರಲಿಲ್ಲ. ಈಗ ನಿನಗ ಗುಣ ಆಗಾಕತ್ತೈತಿ. ಶಿವಗ ಕೈ ಮುಗದು ನುಂಗು. ಪಾಪ ಬಂದ್ರ ನನಗ ಬರಲಿ, ನಂದು ಹೆಂಗೂ ವಯಸ್ಸಾಗೈತಿ.”

ಹೀಗೆ ನಮ್ಮ ಮನೆಯ ಮಟ್ಟಿಗೆ ಧರ್ಮಸಂಕಟ ಪರಿಹಾರವಾಗಿತ್ತು. ಆದರೆ ಗಂಗಕ್ಕ ಬೆಣ್ಣೆ ಕೊಡುವುದು ನಮ್ಮ ಒಂದು ಮನೆಗಲ್ಲ. ವಾರದೊಳಗೆ ಸುದ್ದಿ ಊರೆಲ್ಲ ಸುತ್ತಿ, ರೈಲು ಹತ್ತಿ ಪಟ್ಟಣಕ್ಕೂ ಹೋಯಿತು. ಸಮಾಜದ ಹಿರಿಯರಾದ ಹಾಲಸ್ವಾಮಿಗಳು ನಾಲ್ವರು ಹತ್ತಿ ವ್ಯಾಪಾರಿಗಳೊಡನೆ ತಮ್ಮ ಸನ್ನಿಧಿಗೆ ಅರ್ಜಿ ಹೊತ್ತು ಬಂದರು. ತಾವು ಅಪಾರ ಚುರುಕಿನಿಂದ ಎಂಟೇ ದಿನದಲ್ಲಿ ಹುಕುಂ ಹೊರಡಿಸಿದಿರಿ: ಸಸ್ಯಾಹಾರಿ ಜಾತಿಯ ರೋಗಿಗಳಿಗೆ ಪ್ರಾಣಿಜನ್ಯ ಔಷಧಿಗಳನ್ನು, ಆಯಾ ಸಮಾಜದ ಮುಖಂಡರ ಲಿಖಿತ ಸಮ್ಮತಿಯಿಲ್ಲದೆ ಕೊಡತಕ್ಕದ್ದಲ್ಲ.

ಎಂಥ ಏರ್ಪಾಡು, ಸ್ವಾಮಿ! ನನಗೆ ಮುಟ್ಟಾಗಬೇಕಾದರೆ ಈಗ ಐದು ಜನ ಗಂಡಸರು ರುಜು ಹಾಕಬೇಕು. ಅವರು ಯಾವ ವಾರ ಸಭೆ ಸೇರಬೇಕು? ಹತ್ತಿಯ ಧಾರಣೆಯನ್ನು ಮೊದಲು ಚರ್ಚಿಸಿ ಆಮೇಲೆ ನನ್ನ ಅಂಡಾಶಯಕ್ಕೆ ಬರಬೇಕೋ, ಇಲ್ಲ ನನ್ನ ಅಂಡಾಶಯವೇ ಮೊದಲೋ? ಒಬ್ಬರು ಊರಲ್ಲಿಲ್ಲದಿದ್ದರೆ ನನ್ನ ದೇಹ ಅವರು ಬರುವತನಕ ಕಾಯಬೇಕೋ? ಹಾಲಸ್ವಾಮಿಗಳು ಸಜ್ಜನರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರತಿ ಚಳಿಗಾಲ ಎದೆನೋವಿಗೆಂದು ಸರಕಾರಿ ಆಸ್ಪತ್ರೆಯಿಂದಲೇ ಅವರು ಒಯ್ಯುವ ಎಣ್ಣೆ ಮೀನಿನ ಯಕೃತ್ತಿನದು. ಅದನ್ನು ತಮ್ಮ ಹುಕುಂ ನಿಲ್ಲಿಸಿಲ್ಲ. ಅರ್ಜಿಗೆ ರುಜು ಹಾಕಿದ ಐದೂ ಕೈಗಳ ರಟ್ಟೆಯ ಮೇಲೆ ಸಿಡುಬಿನ ಚುಚ್ಚುಮದ್ದಿನ ಕಲೆಯಿದೆ. ಆ ಮದ್ದನ್ನು ಕರುವಿನ ಮೈಮೇಲೆ ಬೆಳೆಸುತ್ತಾರೆಂಬುದು ತಮಗೆ ಗೊತ್ತಿಲ್ಲದ ವಿಷಯವೇ? ಗಂಡಸರ ಕೆಮ್ಮಿಗೆ ಮೀನು ಆಗುತ್ತದೆ, ಊರಿನ ಸಿಡುಬಿಗೆ ಕರು ಆಗುತ್ತದೆ, ನನ್ನ ಮುಟ್ಟಿಗೆ ಮಾತ್ರ ಕುರಿ ಆಗುವುದಿಲ್ಲ.

ನಾನು ಕಾಗದ ಬರೆದು ಕೇಳಿದ್ದಕ್ಕೆ, ಬದಲಿ ಮಾರ್ಗಗಳಿವೆ ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಒಂದು, ಹೊಸ ಇಂಜೆಕ್ಷನ್ನು. ಈ ಸಲ ನಾನು ಬುದ್ಧಿವಂತೆಯಾಗಿ ಮೊದಲೇ ವಿಚಾರಿಸಿದೆ: ಅದನ್ನು ಗಬ್ಬದ ಕುದುರೆಯ ಮೂತ್ರದಿಂದ ತೆಗೆಯುತ್ತಾರಂತೆ! ಕುರಿಯಿಂದ ನನ್ನನ್ನು ಕಾಪಾಡಿ ಕುದುರೆಗೆ ಒಪ್ಪಿಸಿದ ತಮ್ಮ ಧರ್ಮಶ್ರದ್ಧೆಗೆ ಏನು ಹೇಳಲಿ? ಅದನ್ನು ತೆಗೆದುಕೊಂಡವರಿಗೆ ಓಕರಿಕೆ, ಎದೆ ಬಾವು, ಕೆಲವರಿಗೆ ಹರಿಯತೊಡಗಿದ ರಕ್ತ ವಾರಗಟ್ಟಲೆ ನಿಲ್ಲುವುದಿಲ್ಲವೆಂದು ಡಾಕ್ಟರಮ್ಮನವರೇ ಹೇಳಿದರು. ಎರಡನೆಯದು ಮದರಾಸಿನಲ್ಲಿ ಶಸ್ತ್ರಕ್ರಿಯೆ. ಅಮೆರಿಕದಲ್ಲಿ ಏಳು ಜನ ಹೆಂಗಸರ ಅಂಡಾಶಯಗಳಿಂದ ಒಂದೊಂದು ತುಂಡು ಕತ್ತರಿಸಿ ತೆಗೆದರಂತೆ, ಏಳೂ ಜನರಿಗೆ ಮುಟ್ಟು ಶುರುವಾಯಿತಂತೆ, ಇಬ್ಬರು ಬಸಿರಾದರಂತೆ. ಕೇಳಲು ಇಂಪಾಗಿದೆ. ಆದರೆ ಹೊಟ್ಟೆ ಸೀಳಬೇಕು, ಗಾಯ ಕೀವಾಗಬಹುದು, ಒಳಗೆ ಕರುಳು ಅಂಟಿಕೊಳ್ಳಬಹುದು, ಮತ್ತಿನ ಮದ್ದು ಮೂಸಿ ಮಲಗಿದವಳು ಏಳದೆಯೂ ಇರಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಅದಕ್ಕೂ ಹೋಗುತ್ತೇನೆ. ಒಂದು ಗುಳಿಗೆಯಿಂದ ಆಗುತ್ತಿದ್ದ ಕೆಲಸಕ್ಕೆ ಕತ್ತಿ ಏಕೆ?

ಇಷ್ಟು ಹೊತ್ತು ನಕ್ಕೆ. ಈಗ ನಗು ಬಾರದ ಮಾತು ಒಂದಿದೆ. ಮುಂದಿನ ಯುಗಾದಿಯವರೆಗೆ ನೋಡುವುದು, ಆಗಲೂ ನನಗೆ ನೆಟ್ಟಗಾಗದಿದ್ದರೆ ದೇವನಕೊಂಡದ ನಮ್ಮ ತವರಿನಿಂದ ನನ್ನ ತಂಗಿ ಪಂಪಮ್ಮನನ್ನು ಇದೇ ಮನೆಗೆ ಎರಡನೆಯವಳಾಗಿ ತರುವುದು ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಅತ್ತೆ ಕೆಟ್ಟವರಲ್ಲ. ಹೊರಗಿನವಳು ಬಂದರೆ ನಿನಗೆ ಕಷ್ಟ, ನಿನ್ನ ತಂಗಿಯೇ ಆದರೆ ಹೊಂದಿಕೊಂಡು ಇರುತ್ತೀರಿ ಎಂದು ನನ್ನ ಹಿತಕ್ಕೇ ಹೇಳುತ್ತಾರೆ. ನಮ್ಮ ಮನೆಯವರೂ ಒಳ್ಳೆಯವರು, ತಾಯಿಯ ಎದುರು ಬಾಯಿ ಬಿಡದಷ್ಟು ಒಳ್ಳೆಯವರು. ಪಂಪಮ್ಮನಿಗೆ ಹದಿನಾಲ್ಕು ತುಂಬಿದೆ, ಆದ್ದರಿಂದ ಮದುವೆಗೆ ಸರಕಾರದ ಕಾಯಿದೆಯ ಅಡ್ಡಿಯೂ ಇಲ್ಲ. ಆಕೆ ತೆಲುಗು ಶಾಲೆಯಲ್ಲಿ ಏಳನೆಯ ಕ್ಲಾಸು ಓದುತ್ತಾಳೆ, ಗಣಿತದಲ್ಲಿ ಮೊದಲಿಗಳು, ನಮ್ಮ ಮನೆಯವರನ್ನು ಮಾವ ಎಂದು ಕರೆದು ಬೆನ್ನ ಮೇಲೆ ಕೂತು ಆಡಿ ಬೆಳೆದವಳು. ತಾವು ಗುಳಿಗೆ ನಿಲ್ಲಿಸಿ ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳಿಂದ ನನಗೆ ಏನೂ ಆಗಿಲ್ಲ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಆ ಹುಕುಮನ್ನು ಈ ತಿಂಗಳೊಳಗೆ ಹಿಂತೆಗೆದುಕೊಳ್ಳಿ. ಯಾವ ಮದ್ದು ಯಾವುದರಿಂದ ಆಗಿದೆ, ನುಂಗಿದರೆ ಎದೆ ಬಡಿಯುತ್ತದೆಯೋ, ಕೈ ನಡುಗುತ್ತದೆಯೋ, ರಕ್ತ ನಿಲ್ಲದೋ ಎಂಬುದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೊಡುವ ಮೊದಲೇ ಹೇಳಲಿ. ಬೇಡವೆಂದವಳಿಗೆ ಬಲವಂತ ಬೇಡ. ಬೇಕೆಂದವಳಿಗೆ ಕೊಡಲಿ. ರುಜು ಬೇಕಾದರೆ ನುಂಗುವವಳದೇ ಸಾಕು. ನನ್ನದು ಕೆಳಗಿದೆ, ನೋಡಿಕೊಳ್ಳಿ.

ಇದು ತಮ್ಮಿಂದಾಗದಿದ್ದರೆ ಇನ್ನೊಂದು ಸಣ್ಣ ಉಪಕಾರ ಮಾಡಿ. ಗುಳಿಗೆ ನಿಂತದ್ದು ಪಂಪಮ್ಮನಿಗೆ ಗೊತ್ತಿಲ್ಲ. ಹೋದ ಬುಧವಾರ ಆಕೆಯ ಕಾರ್ಡು ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: “ಅಕ್ಕಾ, ದಿನಾ ತಪ್ಪದಂಗ ನುಂಗಾಕತ್ತೀ ಇಲ್ಲೋ?” ವಿಳಾಸ ಕಳುಹಿಸುತ್ತೇನೆ, ಉತ್ತರ ತಾವೇ ಬರೆಯಿರಿ.

ಇಂತಿ,
ಕೇಳದೆ ಕೊಟ್ಟದ್ದನ್ನು ನುಂಗಿ, ಕೇಳಿದರೂ ಕೊಡದ ಮದ್ದಿಗಾಗಿ ಕಾದಿರುವ
ವೀರಬಸಮ್ಮ
ಕೋಸಗಿ, ಕಾರ್ತಿಕ ಮಾಸ, ೧೯೩೯