ಬದುವಿನ ಮೇಲೆ ಮುರಿದ ಕೈ

ಜನವಾಡ
೯ ಮಾರ್ಚ್ ೨೦೨೫

ತಂಗಿ ಲಲಿತಾಬಾಯಿಗೆ ಅಕ್ಕ ಪುತಳಾಬಾಯಿಯ ಆಶೀರ್ವಾದ.

ಮಗಳು ರಾಧಿಕಾಳ ಮನೆಯಲ್ಲಿ ನಾನು ಉಸಿರಾಡಿಕೊಂಡಿದ್ದೇನೆ. ನೀನೂ ಎಕಂಬಾದಲ್ಲಿ ಉಂಡುಟ್ಟು ನೆಟ್ಟಗಿರುವೆ ಎಂದುಕೊಂಡಿದ್ದೇನೆ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎಡಗೈ ಮತ್ತೆ ಪಟ್ಟಿಯಲ್ಲಿದೆ. ಹಾಳೆ ಸರಿಯದಂತೆ ಸಕ್ಕರೆ ಡಬ್ಬಿ ಹೇರಿ ಬರೆಯುತ್ತಿದ್ದೇನೆ.

ದೀಪಾವಳಿಯ ಮರುದಿನ ನಮ್ಮ ಕುರಿಗಳು ನಿನ್ನ ಹೂಬಿಟ್ಟ ತೊಗರಿಗೆ ನುಗ್ಗಿದ್ದು ನಿಜ. ನಿನ್ನ ಮಗ ಹಣಮಂತ ಬದುವಿನ ಮೇಲೆ ನಿಂತು ಬಡಿಗೆ ಬೀಸಿದ. ನಾನು ತಲೆಗೆ ಅಡ್ಡ ಕೈ ಹಿಡಿದೆ, ಮೊಣಕೈ ಒಡೆಯಿತು. ಹಸಿ ಕಟ್ಟಿಗೆ ಮುರಿದಂತಹ ಸದ್ದು ನನ್ನ ಕಿವಿಗೇ ಕೇಳಿಸಿತು. ನನ್ನ ಮಗ ಅನೀಲಕುಮಾರ ಅದೇ ಬಡಿಗೆ ಕಸಿದುಕೊಂಡು ಹಣಮಂತನ ಬಲಭುಜ ಮುರಿದ. ಕೆಳಗೆ ಬಿದ್ದವನನ್ನೂ ಬಿಡದೆ ಒದ್ದ. ಒಂದೇ ತಾಯಿಗೆ ಹುಟ್ಟಿ, ಒಂದೇ ಮನೆಗೆ ಸೊಸೆಯರಾಗಿ ಬಂದ ನಾವಿಬ್ಬರೂ ಔರಾದ ಠಾಣೆಯಲ್ಲಿ ಬೇರೆ ಬೇರೆ ಬೆಂಚಿನ ಮೇಲೆ ಕುಳಿತೆವು.

ಆಪರೇಶನ್ ಮಾಡಿ ನನ್ನ ಮೊಣಕೈಗೆ ಪ್ಲೇಟು ಕೂಡಿಸಿದರು. ಕಟ್ಟು ಬಿಚ್ಚಿದಾಗ ಕೈ ಕುಡುಗೋಲಿನಂತೆ ಬಾಗಿ ಬಿಗಿದಿತ್ತು. ಮುಖ ತೊಳೆಯಲೂ ಆಗಲಿಲ್ಲ, ಜಡೆ ಹಾಕಲೂ ಆಗಲಿಲ್ಲ. ಅದಕ್ಕೇ ರಾಧಿಕಾಳ ಮನೆಗೆ ಬಂದು, ಬೀದರಿಗೆ ಬಸ್ಸಿನಲ್ಲಿ ಓಡಾಡಿ ಫಿಜಿಯೋಥೆರಪಿಗೆ ಹೋಗತೊಡಗಿದೆ. ಅಲ್ಲಿಯ ಕರುಣಾ ಭಾಲ್ಕಿಯ ಹುಡುಗಿ, ಒಳ್ಳೆಯ ಕೈಗುಣ. ತನ್ನ ತಾಯಿಯ ಅಕ್ಕನೇ ಎಂಬಂತೆ ನನ್ನನ್ನು ಮೌಶಿ ಎಂದು ಕರೆಯುತ್ತಾಳೆ. ಶಾಖ ಕೊಟ್ಟು, ಮುಂಗೈ ಹಿಡಿದು ನಿಧಾನ ಮಡಚುತ್ತಾಳೆ. ನಾನು ಸೆರಗು ಕಚ್ಚಿಕೊಂಡರೆ, "ಮೌಶಿ, ಒದರ್ರಿ. ಉಸಿರು ಬಿಗಿಹಿಡದ್ರ ಕೈನೂ ಬಿಗಿತದ. ಸಾಕಂದ್ರ ನಿಲ್ಲಸ್ತೇನಿ," ಅನ್ನುತ್ತಾಳೆ. ಜನವರಿ ಮುಗಿಯುವಷ್ಟರಲ್ಲಿ ಬೆರಳು ಕಿವಿಗೆ ಮುಟ್ಟಿತು. ಆ ದಿನ ಬಸ್ಸಿನಲ್ಲಿ ಬರುತ್ತಾ ಸುಮ್ಮಸುಮ್ಮನೆ ಕಿವಿ ಮುಟ್ಟಿಕೊಂಡೆ.

ಆಮೇಲೆ ಅಲ್ಲಿಗೇ ಹಣಮಂತನೂ ಬಂದ. ನಮ್ಮ ನಡುವಿನ ಸುದ್ದಿ ಕರುಣಾಗೆ ಗೊತ್ತಿರಲಿಲ್ಲ. ಮೇಲೆ ಗಾಲಿಯಿದೆ, ಅದರಲ್ಲಿ ಹಗ್ಗ. ಒಳ್ಳೆಯ ಕೈಯಿಂದ ಜಗ್ಗಿದರೆ ನೋವಿನ ಕೈ ಮೇಲೇರುತ್ತದೆ. ಅದರ ಕೆಳಗೆ ಅವನನ್ನು ಕೂರಿಸಿದಳು. ಮೊದಮೊದಲು ಅವನು ಗೋಡೆಗೇ ಮುಖಮಾಡಿದ. ಒಂದು ದಿನ ತಿರುಗದೆಯೇ ಕೇಳಿದ:

"ಮೌಶಿ, ಕೈ ಹ್ಯಾಂಗದ?"

"ಅದ. ನಿಂದು?"

"ತಲಿ ಬಾಚಲಾಕ ಬರಲ್ಲ."

ಕೂದಲು ಗುಬ್ಬಿಗೂಡಾಗಿತ್ತು, ಲಲಿತಾ. ನನಗೆ ತಡೆಯಲಿಲ್ಲ. ಚೀಲದಿಂದ ಬಾಚಣಿಗೆ ತೆಗೆದು ಬಲಗೈಯಿಂದ ಬಾಚಿದೆ. ಅವನು ತಲೆ ಬಾಗಿಸಿ ಕೊಟ್ಟ.

ಅಂದು ನನ್ನನ್ನು ಕರೆದೊಯ್ಯಲು ಬಂದ ಅನೀಲಕುಮಾರ ಅದನ್ನು ಬಾಗಿಲಲ್ಲಿ ನಿಂತು ನೋಡಿದ.

"ನಿನ್ನ ಕೈ ಮುರದಂವನ ತಲಿ ಬಾಚ್ತಿ ಏನವ್ವಾ?" ಅಂದವನೇ ನುಗ್ಗಿ, ಆ ಹಗ್ಗವನ್ನೇ ಹಣಮಂತನ ಕೊರಳಿಗೆ ಸುತ್ತಿ ಮೊಣಕಾಲು ಬೆನ್ನಿಗೆ ಕೊಟ್ಟು ಎಳೆದ. ಹಣಮಂತನ ನಾಲಿಗೆ ಹೊರಬಂತು, ಮುಖ ನೇರಳೆಯಾಯಿತು. ಮಂಚದ ಮೇಲಿದ್ದ ಮುದುಕರೊಬ್ಬರು ಬಾಗಿಲಿಗೆ ಓಡಿದರು. ಕರುಣಾ ಅನೀಲನ ಅಂಗಿ ಹಿಡಿದು ಜಗ್ಗಿ, "ಬಿಡ್ರೀ! ಸಾಯ್ತಾನ ಅಂವ!" ಎಂದು ಚೀರಿದಳು. ಹಣಮಂತನ ಎಡಗೈಗೆ ಕಬ್ಬಿಣದ ಡಂಬೆಲ್ ಸಿಕ್ಕಿತು. ಅವನು ಕಣ್ಣು ಕಾಣದೆ ಹಿಂದಕ್ಕೆ ಬೀಸಿದ. ಅದು ನನ್ನ ಮಗನ ಹಣೆಗೆ ಹೊರಟಿತ್ತು. ನಾನು ಕೈ ಒಡ್ಡಿದೆ.

ಅದೇ ಮೊಣಕೈ. ಈ ಸಲ ಎಲುಬು ಚರ್ಮ ಹರಿದು ಹೊರಬಂತು.

ನನ್ನ ರಕ್ತ ಮುಖಕ್ಕೆ ಸಿಡಿದಾಗ ಅನೀಲನ ಹಿಡಿತ ಸಡಿಲಿತು. ಕರುಣಾ ಬಟ್ಟೆ ಒತ್ತಿ ಹಿಡಿದು ಇಬ್ಬರಿಗೂ, "ಕೂಡಸೂದು ಎಷ್ಟು ಕಠಿಣ ಅದ ಗೊತ್ತದ ಏನ್ರೋ ನಿಮಗ?" ಎಂದು ಅಳುತ್ತಲೇ ಬೈದಳು. ಅನೀಲ ಅಲ್ಲೇ ಗೋಡೆಗೆ ಆತು ಕುಸಿದ. ಆಟೋದಲ್ಲಿ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ಹಣಮಂತ. ಕೊರಳಲ್ಲಿ ಹಗ್ಗದ ಗೆರೆ, ದನಿ ಹೊರಡುತ್ತಿರಲಿಲ್ಲ. ಮೌಶಿ, ಮೌಶಿ ಎಂಬುದೊಂದೇ ತುಟಿಯಲ್ಲಿ.

ಮತ್ತೆ ಕೊಯ್ದು ಹೊಸ ಪ್ಲೇಟು ಹಾಕಿದ್ದಾರೆ. ಕೈ ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಕರುಣಾ ಮಾತ್ರ, "ಮುಖ ತೊಳಕೊಳ್ಳೂವಷ್ಟರ ಮಾಡ್ತೇನಿ ಮೌಶಿ," ಅಂದಿದ್ದಾಳೆ. ಅನೀಲ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಹಣಮಂತ ಔರಾದ ಠಾಣೆಗೆ ಹೋಗಿ, ಬದುವಿನ ಮೇಲೆ ಮೊದಲು ಹೊಡೆದವನು ತಾನೇ ಎಂದು ಹೇಳುತ್ತಾನಂತೆ. ಅವನನ್ನು ತಡೆಯಬೇಡ, ಬೈಯಲೂಬೇಡ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಮಗನ ಭುಜ ಗಟ್ಟಿಯಾಗಲಿ, ನನ್ನ ಮಗನ ಸಿಟ್ಟು ಇಳಿಯಲಿ. ಹಿಂಡು ಒಂದೇ ಹಟ್ಟಿಗೆ ಬರದಿದ್ದರೂ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲದಿರಲಿ.

ನಿನ್ನ ಅಕ್ಕ,
ಪುತಳಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಕೊಡುತ್ತೇನೆ, ಹಣಮಂತ ಇದನ್ನು ಓದುವುದಿಲ್ಲ. ಆ ದಿನ ಬದುವಿನ ಮೇಲೆ ಅವನು ಎತ್ತಿದ ಬಡಿಗೆಯನ್ನು ಹೊಡೆಯದೆ ಇಳಿಸುತ್ತಿದ್ದ. ನನ್ನ ಮುಖ ನೋಡಿ ಅವನ ಕಣ್ಣು ಸೋತದ್ದನ್ನು ನಾನು ಕಂಡೆ. ಆಗ ಅವನ ಹಿಂದಿನಿಂದ ನಿನ್ನ ದನಿ ಬಂತು: "ನೋಡ್ತಿ ಏನ, ಹೊಡಿ!" ಡಾಕ್ಟರರು ಎಲ್ಲಿ ನೋವು ಎಂದಾಗಲೆಲ್ಲ ನಾನು ಮೊಣಕೈ ತೋರಿಸುತ್ತೇನೆ. ಕುರಿ ಹೊಡಿ ಅಂದೆಯೋ, ಅಕ್ಕನನ್ನು ಹೊಡಿ ಅಂದೆಯೋ? ಕುರಿಯನ್ನೇ ಅಂದದ್ದು ಅಂತ ಒಂದು ಸಾಲು ಬರೆ, ಲಲಿತಾ. ನಂಬುತ್ತೇನೆ.