ಕಟ್ಟೆಯಿಂದ ಒಳಗೆ ಬಂದ ಮಣೆ

ಮಾಸ್ತರರೇ,

ನಾನು ಗಂಗವ್ವ. ರಬಕವಿಯಲ್ಲಿ ಹನ್ನೆರಡು ಮಗ್ಗದ ಮನೆ ನಡೆಸುವಾಕೆ, ಸಾಲಿ ಕಮಿಟಿಯಲ್ಲಿ ಒಬ್ಬಳೇ ಹೆಂಗಸು. ನನ್ನ ಮುಂದೆ ಗಂಡಸರೂ ದನಿ ತಗ್ಗಿಸಿ ಮಾತಾಡುತ್ತಾರೆ. ನೀವು ತೀರಿಕೊಂಡ ಮೇಲೆ ನನ್ನನ್ನು ತಿದ್ದುವವರೇ ಇಲ್ಲ ಎಂದುಕೊಂಡಿದ್ದೆ. ತಿದ್ದಿದಳು ನೋಡಿ, ಹದಿಮೂರು ವರ್ಷದ ಹುಡುಗಿ! ನಿಮಗಲ್ಲದೆ ಯಾರಿಗೆ ಹೇಳಲಿ?

ನಮಗೆ ಆಫ್ರಿಕಾದ ನಕಾಶೆ ಬಿಡಿಸಿ ತೋರಿಸಿದವರು ನೀವು. ಎಷ್ಟೋ ತಲೆಮಾರುಗಳ ಹಿಂದೆ ಅಲ್ಲಿಂದ ಬಂದ ಸಿದ್ದಿ ಜನ ಹಳಿಯಾಳದ ಕಾಡಿನಲ್ಲಿದ್ದಾರೆ. ಅವರಲ್ಲೊಬ್ಬ ನಮ್ಮ ಮಗ್ಗಗಳಿಗೆ ಸಾಗವಾನಿ ಕಟ್ಟಿಗೆ ತರುತ್ತಾನೆ. ಅವನ ಮಗಳು ಗಿರಿಜಾ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮೇಲೆ ಇಲ್ಲಿಯ ಹೈಸ್ಕೂಲಿಗೆ ಸೇರಿದಳು. ಮಲಗುವುದು ಒಬ್ಬ ಮುದುಕಿಯ ಮನೆಯಲ್ಲಿ. ಊಟಕ್ಕೆ ವಾರದ ಏಳು ದಿನ ಏಳು ಮನೆ. ಸೋಮವಾರ ನಮ್ಮದು. ಹೊರಗೆ ಕಟ್ಟೆಯ ಮೇಲೆ ಮಣೆ ಹಾಕಿ ಬಿಸಿರೊಟ್ಟಿ, ಕೆನೆಮೊಸರು ಬಡಿಸುತ್ತಿದ್ದೆ. ಇನ್ನೊಂದು ರೊಟ್ಟಿ ಹಾಕಿರಿ ಎಂದು ಎಂದೂ ಕೇಳಿದವಳಲ್ಲ. ಸಂಕೋಚದ ಹುಡುಗಿ ಅಂದುಕೊಂಡೆ.

ನಿನ್ನೆ ಸೋಮವಾರ ಬರಲೇ ಇಲ್ಲ. ಮುದುಕಿಯ ಮನೆಗೆ ಹೋಗಿ ನೋಡಿದರೆ ಗಂಟು ಕಟ್ಟುತ್ತಿದ್ದಳು.

"ಏನಬೇ, ಸಾಲಿ ಬಿಟ್ಟು ಎಲ್ಲಿ ಹೊಂಟಿ? ಗಣಿತದಾಗ ವರ್ಗಕ್ಕ ಮೊದಲ್ನೇದಾಕಿ ನೀ!"

"ಊರಿಗೆ ಹೊಂಟೇನ್ರಿ ಅಮ್ಮಾ. ಸಾಲ್ಯಾಗ ಗುಂಗುರು ಕೂದಲಾ ಜಗ್ಗಿ ನಗತಾರ. ಹಿಂದಿನ ಬಾಕಿನ ಮ್ಯಾಲ ಒಬ್ಬಾಕಿನ ಕುಂಡ್ರತೀನಿ."

"ಸಾಲಿ ಮಾತು ಬಿಡು. ನಮ್ಮ ಮನ್ಯಾಗ ನಿನಗೇನ್ ಕಡಿಮಿ ಆಗೇತಿ?"

"ನಿಮ್ಮ ಮನಿ ಒಳಗ ಹೆಂಗೈತೋ ನಾ ಕಂಡೇ ಇಲ್ರಿ."

ಎಂಟು ತಿಂಗಳು, ಮಾಸ್ತರರೇ! ಏಳೂ ಮನೆಯ ಕಟ್ಟೆ ಕಂಡಿದ್ದಳು. ಅಷ್ಟೇ.

ಜಮಖಂಡಿಯ ನಿಮ್ಮ ವರ್ಗ ಕಣ್ಣಮುಂದೆ ಬಂತು. ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಪಾಠ ಕೇಳುತ್ತಿದ್ದ ಒಬ್ಬಳೇ ಹುಡುಗಿ ನಾನು. ಆ ಚಾಪೆಯನ್ನು ನೀವೇ ಎತ್ತಿ ತಂದು ನಿಮ್ಮ ಮೇಜಿನ ಮುಂದೆ ಹಾಸಿ, "ಕುಂಡ್ರು ಗಂಗವ್ವ, ನಗೋರು ನಕ್ಕೊಳ್ಳಲಿ" ಅಂದಿರಿ. ಅದನ್ನು ನಾನು ಹೇಗೆ ಮರೆತೆ...

ಒಂದು ದಿನ ತಡೆ ಎಂದು ಗಿರಿಜಾಳನ್ನು ನಿಲ್ಲಿಸಿಕೊಂಡೆ. ಇವತ್ತು ಬೆಳಿಗ್ಗೆ ಅವಳ ಜೊತೆ ಸಾಲೆಗೆ ಹೋಗಿ, ಹೆಡ್‌ಮಾಸ್ತರರ ಎದುರೇ ಅವಳನ್ನು ಮುಂದಿನ ಬಾಕಿನಲ್ಲಿ ನನ್ನ ಮೊಮ್ಮಗಳ ಪಕ್ಕ ಕೂಡಿಸಿದೆ. "ಇಕಿ ಕೂದಲಕ್ಕ ಕೈ ಹಚ್ಚಿದವರ ಮನಿಗೆ ನಾನ ಬರ್ತೀನಿ" ಎಂದೆ. ಅವಳ ಗಂಟನ್ನು ನಮ್ಮ ಮನೆಗೇ ತಂದೆ. ಇನ್ನು ಏಳು ಮನೆ ಅಲೆಯುವುದಿಲ್ಲ.

"ಅತ್ತೀ, ಮಂದಿ ಏನಂದಾರು?" ಎಂದಳು ಸೊಸೆ.

"ಮಂದೀನ ನನ್ನ ಕಡೆ ಕಳಸು."

ಕಟ್ಟೆಯ ಮಣೆಯನ್ನು ನಾನೇ ಎತ್ತಿ ತಂದು ಒಲೆಯ ಹತ್ತಿರ ನನ್ನ ಮಣೆಗೆ ತಾಗಿಸಿ ಹಾಕಿದೆ. ಮಧ್ಯಾಹ್ನ ಊಟದ ಸುಟ್ಟಿಗೆ ಗಿರಿಜಾ ಬಂದು ಅಲ್ಲಿ ಕುಂತಳು. ಅಡಿಗೆಮನೆಯನ್ನೆಲ್ಲ ಒಮ್ಮೆ ನೋಡಿದಳು. ಎರಡು ರೊಟ್ಟಿ ಮುಗಿಸಿ ತಲೆ ಎತ್ತಿದಳು.

"ಅಮ್ಮಾ, ಇನ್ನೊಂದ್ ಹಾಕ್ರಿ."