ಅಡುಗೆಮನೆ ಡಬ್ಬಿ

ಅತ್ತಿಗೆ,

ತವರಲ್ಲಿ ಆರಾಮಾಗಿದ್ದೀರಾ? ಇಲ್ಲಿ ನಮ್ಮ ಬ್ಯಾಂಕಿನ ಶಟರ್ ಅರ್ಧಕ್ಕೇ ಎತ್ತುತ್ತೀವಿ. ಹೊರಗೆ ಠೇವಣಿ ಇಟ್ಟವರ ಸಾಲು.

ಅವತ್ತು ಮೀಟಿಂಗಲ್ಲಿ, ಲಾಭ ಎಲ್ಲಾ ಹಂಚಬೇಡಿ, ವಾಪಸ್ ಬರದಿರೋ ಸಾಲಕ್ಕೆ ಅಂತ ಸ್ವಲ್ಪ ತೆಗೆದಿಡಿ ಅಂತ ಲೆಕ್ಕ ಬರೆಯೋ ನೀವು ಹೇಳಿದ್ರಿ. ಮ್ಯಾನೇಜರ್ ಕುರ್ಚಿಲಿದ್ದ ಅಣ್ಣ, "ಇದು ಬ್ಯಾಂಕು ಕಣೇ, ನಿನ್ನ ಅಡುಗೆಮನೆ ಡಬ್ಬಿ ಅಲ್ಲ. ಗಂಡಸರು ಹೆದರ್ಕೊಂಡು ವ್ಯವಹಾರ ಮಾಡಲ್ಲ" ಅಂದ. ಎಲ್ಲರೂ ನಕ್ಕರು. ಅಂಗಡಿ ಅಂಗಡಿ ಸುತ್ತಿ ಠೇವಣಿ ತರೋ ನಾನೂ ನಕ್ಕೆ. ನೀವು ಕನ್ನಡಕ ಒರೆಸ್ಕೊಂಡು ಎದ್ದು ತವರಿಗೆ ಹೋದ್ರಿ.

ಈಗ ನಮ್ಮಿಂದ ದೊಡ್ಡ ಸಾಲ ತಗೊಂಡೋನು ಊರಲ್ಲೇ ಇಲ್ಲ. ಅಂಗಡಿಯವರ ಮುಖ ನೋಡೋಕಾಗದೆ ನಾನು ಬೇರೆ ಬೀದಿ ಸುತ್ತಿ ಬರ್ತೀನಿ. ನಿಮ್ಮ ಕುರ್ಚಿಲಿ ಅಣ್ಣ ಯಾರನ್ನೂ ಕೂರಿಸಿಲ್ಲ. ನಿನ್ನೆ ನನ್ನ ಕರೆದು, "ಅವಳು ಎಷ್ಟು ತೆಗೆದಿಡಿ ಅಂದಿದ್ಲೋ?" ಅಂದ.

ನೆನಪಿದ್ರೆ ಬರೀರಿ. ಕೇಳಿದ್ದು ತಾನು ಅಂತ ಮಾತ್ರ ಬರೀಬೇಡ ಅಂದಿದ್ದಾನೆ.

ನಿಮ್ಮ ಮೈದುನ